ನಮಗೆ ಹೇಳದೆ ತೆಗೆದ ಬಾಗಿಲು

ನಾನು ಸಿಟ್ಟಿನ ಹೆಂಗಸಲ್ಲ. ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಮನೆಯವರು ಮಿಲ್ಲಿನಿಂದ ಹೊತ್ತಿಗೆ ಸರಿಯಾಗಿ ಬಂದರು ಎಂದು ಸಣ್ಣ ಸಣ್ಣದಕ್ಕೆಲ್ಲ ಹನುಮಪ್ಪನಿಗೆ ಕೈಮುಗಿಯುವವಳು. ಆದರೆ ಗಂಗಾವತಿಯ ಆ ಕಂಪ್ಯೂಟರ್ ತರಗತಿ ನೆನಪಾದರೆ ಇವತ್ತಿಗೂ ಹಚ್ಚುತ್ತಿದ್ದ ಊದಿನಕಡ್ಡಿಯನ್ನು ಅರ್ಧಕ್ಕೇ ಬಿಡುತ್ತೇನೆ. ಆಗಿದ್ದು ಆಗಿ ಹೋಯಿತು ಬಿಡು ಎನ್ನುತ್ತಾರೆ ಮನೆಯಲ್ಲಿ. ಬಿಡಲು ಬಂದಿದ್ದರೆ ಎಂದೋ ಬಿಡುತ್ತಿದ್ದೆ.

ಎರಡು ಸಾವಿರದ ಮೂರರ ಸುಮಾರಿನ ಮಾತು. ನಮ್ಮವರು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರು. ನನ್ನ ನಾದಿನಿ ಪಿಯುಸಿ ಮುಗಿಸಿ, ಹೊಲಿಗೆ ಕಲಿತು, ಕಂಪ್ಯೂಟರ್ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ವೈನಿ, ಅಂದರೆ ಅತ್ತಿಗೆ, ಜೊತೆಗೆ ಹೋಗುವುದಾದರೆ ಹೋಗಲಿ ಎಂದು ಅತ್ತೆ ಒಪ್ಪಿದರು. ಹೀಗೆ ಕಾವಲಿಗೆ ಹೋದವಳು ನಾನೂ ಅವಳ ಪಕ್ಕದಲ್ಲಿ ಕುಳಿತು ಕಲಿತೆ.

ತರಗತಿ ಇದ್ದದ್ದು ಒಂದು ಕಿರಾಣಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಎರಡೇ ಕೋಣೆ. ಮುಂದಿನದು ನೆಟ್ ಸೆಂಟರ್, ಅಲ್ಲಿ ಹುಡುಗರು ಕೂರುತ್ತಿದ್ದರು. ಹಿಂದಿನದರಲ್ಲಿ ಮಧ್ಯಾಹ್ನ ಹೆಣ್ಣುಮಕ್ಕಳ ತರಗತಿ. ಹಿಂದಕ್ಕೆ ಹೋಗಬೇಕಾದರೆ ಮುಂದಿನ ಕೋಣೆ ದಾಟಲೇಬೇಕು. ನಾವು ತಲೆ ಬಗ್ಗಿಸಿ ದಾಟುತ್ತಿದ್ದೆವು. ಅವರು ಯಾರು, ಏನು ನೋಡುತ್ತಿದ್ದಾರೆ ಎಂದು ನಾವು ಕಣ್ಣೆತ್ತುತ್ತಿರಲಿಲ್ಲ. ಎರಡೂ ಕೋಣೆಗೆ ಒಬ್ಬರೇ ಯಜಮಾನರು, ಅವರೇ ಮೇಷ್ಟ್ರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು.

ಸರ್ ಚೆನ್ನಾಗಿ ಕಲಿಸುತ್ತಿದ್ದರು, ಆ ಪುಣ್ಯವನ್ನು ನಾನು ಕಸಿದುಕೊಳ್ಳುವುದಿಲ್ಲ. ಮೂಲೆಯಲ್ಲಿ ಒಂದು ದೊಡ್ಡ ಯಂತ್ರವಿತ್ತು, ಅದೇ ಸರ್ವರ್. ಎರಡೂ ಕೋಣೆಯ ಕಂಪ್ಯೂಟರ್‌ಗಳಿಂದ ಅದಕ್ಕೆ ವೈರು ಎಳೆದಿದ್ದರು. ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ನಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟರೆ ನಮ್ಮ ಸಾಮಾನು ನಮ್ಮ ಮುಂದೆ ಬರುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಮನೆ. ಆ ಮನೆಯೊಳಗೆ ಪಬ್ಲಿಕ್ ಎಚ್‌ಟಿಎಮ್‌ಎಲ್ ಎಂಬ ಒಂದು ಫೋಲ್ಡರ್ ಮಾಡಿಕೊಂಡು ಅದರಲ್ಲಿ ಇಟ್ಟಿದ್ದನ್ನು ಮಾತ್ರ ಬೇರೆಯವರು ನೋಡಬಹುದು. ಸರ್ವರಿನ ಹೆಸರು ಬರೆದು, ಓರೆಗೆರೆ ಎಳೆದು, ಅಲೆಯಂಥ ಒಂದು ಗುರುತು ಹಾಕಿ ನಮ್ಮ ಹೆಸರು ಹೊಡೆದರೆ ನಮ್ಮ ಪುಟ ತೆರೆಯುತ್ತದೆ.

"ಮನಿ ಮುಂದಿನ ಕಟ್ಟಿ ಇದ್ದಂಗ್ರಿ ಅದು. ಕಟ್ಟಿ ಮ್ಯಾಲ ಇಟ್ಟಿದ್ದು ಊರಿಗೆಲ್ಲಾ ಕಾಣ್ತತಿ. ಒಳಗಿಂದು ನಿಮ್ಮದು, ಯಾರಿಗೂ ಕಾಣೂದಿಲ್ಲ" ಎಂದು ಸರ್ ಮೊದಲ ವಾರವೇ ಹೇಳಿದ್ದರು.

ನಾದಿನಿ ಚುರುಕು. ತಾನೇ ಬಿಡಿಸಿದ ಕುಪ್ಪಸದ ಕೊರಳಿನ ಚಿತ್ರಗಳನ್ನು ಒಂದು ಪುಟ ಮಾಡಿ, ಸರಿಯಾಗಿ ಆ ಫೋಲ್ಡರಿನಲ್ಲಿಟ್ಟಳು. ತರಗತಿಯಲ್ಲಿ ಮೊದಲು ತೆರೆದದ್ದು ಅವಳ ಪುಟವೇ. ನಾನು ಯಲಬುರ್ಗಾದ ನನ್ನ ತವರಿನ ಹಬ್ಬದಡುಗೆಗಳನ್ನು ಬರೆದೆ. ಬರೆದದ್ದೇನೋ ಬರೆದೆ, ಅದನ್ನು ಆ ಕಟ್ಟೆಯ ಫೋಲ್ಡರಿಗೆ ಹಾಕದೆ ಮನೆಯೊಳಗೇ ಇಟ್ಟುಬಿಟ್ಟೆ. ತೆರೆಯಹೋದರೆ ಇಂಥ ಪುಟವೇ ಇಲ್ಲ ಎಂದು ಬರುತ್ತಿತ್ತು. ನನ್ನಂಥವರು ಅರ್ಧ ತರಗತಿ ಇದ್ದರು. ಫೋಲ್ಡರ್ ಮಾಡ್ರಿ, ಫೋಲ್ಡರಿನಾಗ ಇಡ್ರಿ ಎಂದು ಹೇಳಿ ಹೇಳಿ ಸರ್ ಬೇಸತ್ತರು. ನಾವು ಕೇಳಿ ಕೇಳಿ ನಕ್ಕೆವು. ಅಡುಗೆಮನೆಯಲ್ಲಿ ಡಬ್ಬಿಯ ಜಾಗ ತಪ್ಪಿದರೆ ಹುಡುಕಬಹುದು, ಇಲ್ಲಿ ಕಣ್ಣಿಗೇ ಕಾಣದ ಜಾಗದಲ್ಲಿ ಏನು ಹುಡುಕುವುದು?

ಅದೇ ಹೊತ್ತಿಗೆ ನಾದಿನಿಗೆ ಕುಷ್ಟಗಿಯ ಒಂದು ಮನೆತನದಿಂದ ಮಾತು ಬಂತು. ಗೊಬ್ಬರದ ಅಂಗಡಿ ಇಟ್ಟುಕೊಂಡ ಹುಡುಗ. ಹೆಣ್ಣಿನ ಫೋಟೋ ವಿಷಯದಲ್ಲಿ ನಮ್ಮ ಅತ್ತೆಯದು ಕಟ್ಟುನಿಟ್ಟು. ಒಂದೇ ಪ್ರತಿ ತೆಗೆಸಬೇಕು. ಹಿರಿಯರ ಕೈಯಲ್ಲಿ ಹೋಗಬೇಕು, ಕೂಡಿಬರದಿದ್ದರೆ ಅದೇ ಕೈಯಲ್ಲಿ ತಿರುಗಿ ಬರಬೇಕು. ಫೋಟೋ ಇಟ್ಟುಕೊಂಡು ಸುಮ್ಮನಾದ ಮನೆಗೆ ಅವರು ಹೋಗಿ ಕೇಳಿ ತಂದದ್ದೂ ಉಂಟು. ಸ್ಟುಡಿಯೋದವರು ಚೆಂದದ ಹುಡುಗಿಯರ ಫೋಟೋವನ್ನು ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುತ್ತಾರೆಂದು ನೆಗೆಟಿವ್ ಸಹ ಮನೆಗೆ ತರಿಸಿಕೊಂಡಿದ್ದರು.

ಗಂಡಿನ ಕಡೆಯವರು ಜಾತಕದ ವಿವರದ ಹಾಳೆಯಲ್ಲೇ ಫೋಟೋ ಬೇಕೆಂದರು. ಸರ್ ಹತ್ತಿರ ಸ್ಕ್ಯಾನ್ ಮಾಡುವ ಯಂತ್ರವಿತ್ತು. ಸ್ಟುಡಿಯೋಗಿಂತ ಇದೇ ಸುರಕ್ಷಿತ ಎಂದು ಅತ್ತೆಯೇ ಕಳಿಸಿದರು. ಸ್ಕ್ಯಾನ್ ಆದ ಫೋಟೋವನ್ನು ನಾದಿನಿ ತನ್ನ ಮನೆಯೊಳಗೆ ಇಟ್ಟಳು, ಕಟ್ಟೆಯ ಮೇಲಲ್ಲ. ಇಟ್ಟು ಸುಮ್ಮನೆ ಕೂರಲಿಲ್ಲ, ನನ್ನೆದುರೇ ಕೇಳಿದಳು.

"ಸರ್ರ, ಇದು ಹೊರಗ ಯಾರಿಗೂ ಕಾಣೂದಿಲ್ಲಲ್ರಿ?"

"ಇಲ್ಲವಾ, ನಿನ್ನ ಮನ್ಯಾಗ ಐತಿ ಅದು."

ಈ ಎರಡು ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿದಿವೆ.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ನನ್ನ ಪುಟ ತೆರೆಯಿತು. ನಾನು ಏನೂ ಮಾಡಿರಲಿಲ್ಲ. ಸುಮ್ಮನೆ ಅಭ್ಯಾಸಕ್ಕೆ ಹೆಸರು ಹೊಡೆದರೆ ನನ್ನ ಹೂರಣ, ನನ್ನ ಕಟ್ಟಿನ ಸಾರು ಎಲ್ಲ ಪರದೆಯ ಮೇಲೆ! ಪಕ್ಕದವಳದೂ ತೆರೆಯಿತು, ಹಿಂದಿನವಳದೂ ತೆರೆಯಿತು. ಹಿಂದಿನ ದಿನ ಕೊಪ್ಪಳದಿಂದ ಯಾರೋ ದೊಡ್ಡವರು ತರಗತಿ ನೋಡಲು ಬಂದು ಹೆಣ್ಣುಮಕ್ಕಳ ಪುಟಗಳನ್ನು ಕಂಡು ಹೊಗಳಿ ಹೋಗಿದ್ದರಂತೆ. ಸರ್ ಖುಷಿಯಲ್ಲಿದ್ದರು. ನಾನು ಶನಿವಾರ ಹನುಮಪ್ಪನಿಗೆ ಕಾಯಿ ಒಡೆಸಿದೆ. ಇಷ್ಟು ಸಣ್ಣದನ್ನೂ ನೋಡಿಕೊಂಡೆಯಲ್ಲಪ್ಪ ಎಂದು ಕಣ್ಣು ತುಂಬಿ ಬಂದಿತ್ತು.

ಮುಂದಿನ ವಾರ ಎಂದಿನಂತೆ ಮುಂದಿನ ಕೋಣೆ ದಾಟುತ್ತಿದ್ದೆವು. ನಾದಿನಿ ನನ್ನ ಸೆರಗು ಹಿಡಿದು ನಿಂತುಬಿಟ್ಟಳು. ಕಣ್ಣೆತ್ತಿದೆ. ಗೋಡೆ ಪಕ್ಕದ ಕಂಪ್ಯೂಟರಿನ ಪರದೆಯ ತುಂಬ ಅವಳ ಮುಖ. ತಲೆಯಲ್ಲಿ ಮಲ್ಲಿಗೆ, ಅತ್ತೆಯ ಸರ. ಅವಳ ಹಣೆಯ ಮೇಲೆ, ಕೆನ್ನೆಯ ಮೇಲೆ ಕಂಪ್ಯೂಟರ್ ಹಚ್ಚಿದೊಡನೆ ಬರುವ ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಕುಳಿತಿದ್ದವು. ಅದರ ಮುಂದೆ ಕುಳಿತಿದ್ದವನು ನಮ್ಮನ್ನು ಕಂಡು ಬಿಳಿಚಿಕೊಂಡ.

ಎಲ್ಲಿಂದ ಬಂತು ಇದು ಎಂದು ಕೇಳಿದೆ.

"ಇಲ್ಲೇ ಇತ್ತ್ರಿ ಅಕ್ಕಾರ. ನಾವೇನ್ ಕದ್ದಿಲ್ಲ. ಹೆಸರ ಹೊಡದ್ರ ಎಲ್ಲಾರ್ದೂ ಬರ್ತತಿ, ನೋಡ್ರಿ ಬೇಕಾದ್ರ" ಎಂದು ಹೊಡೆದೇ ತೋರಿಸಿದ. ಅಲೆಯ ಗುರುತು, ನಾದಿನಿಯ ಹೆಸರು. ಅವಳ ಮನೆಯೊಳಗಿನ ಪ್ರತಿಯೊಂದೂ ಉದ್ದಕ್ಕೆ ಸಾಲಾಗಿ ಬಂತು. ಹುಡುಗ ಸುಳ್ಳು ಹೇಳಿರಲಿಲ್ಲ. ಹಾಗೆಂದು ನೋಡಬಾರದ್ದನ್ನು ಪರದೆಗೆ ಹಚ್ಚಿಕೊಂಡು ಕೂಡು ಎಂದೂ ಯಾರೂ ಹೇಳಿರಲಿಲ್ಲ. ಅದನ್ನು ಅವನಿಗೆ ಹೇಳಿದೆ, ಮೆತ್ತಗೆ ಹೇಳಲಿಲ್ಲ.

ಸರ್ ಹಿಂದಿನ ಕೋಣೆಯಿಂದ ಬಂದರು. ಪರದೆಯಿಂದ ಫೋಟೋ ತೆಗೆದುಹಾಕಿಸಿದರು. ಆಮೇಲೆ ಹುಡುಗರನ್ನು ಬಿಟ್ಟು ನಮ್ಮ ಕಡೆಗೇ ತಿರುಗಿದರು. ಸರ್ವರಿನಾಗ ಮದುವಿ ಫೋಟೋ ಇಡಾಕ ಯಾರು ಹೇಳಿದ್ರು, ಹೆಣ್ಣುಮಕ್ಕಳಿಗೆ ಎಷ್ಟ ಸಲ ಹೇಳಿದ್ರೂ ಅಷ್ಟ ಎಂದರು. ಮರುದಿನ ಹೋದರೆ ಹೆಣ್ಣುಮಕ್ಕಳ ಪುಟಗಳನ್ನೆಲ್ಲ ಬಂದ್ ಮಾಡಿದ್ದರು. ಬೆಳಗಿನ ತರಗತಿಯ ಗಂಡುಮಕ್ಕಳ ಪುಟ ಹಾಗೇ ಇದ್ದವು. ಇನ್ನು ನಮಗೆ ಟೈಪಿಂಗ್ ಮಾತ್ರ. ಒಬ್ಬಾಕಿ ಮಾಡಿದ್ದಕ್ಕೆ ಎಲ್ಲರಿಗೂ ಶಿಕ್ಷೆ ಎಂದು ಜೊತೆಯವರು ನಾದಿನಿಯಿಂದ ಕುರ್ಚಿ ದೂರ ಎಳೆದುಕೊಂಡರು. ಎಳೆದುಕೊಂಡವರಲ್ಲಿ ದಿನಾ ಅವಳ ಹತ್ತಿರ ಹೇಳಿಸಿಕೊಂಡು ಕಲಿತವರೂ ಇದ್ದರು.

ಆ ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ನನಗೆ ಹೊಳೆಯಿತು. ನನ್ನ ಪುಟ ಕಟ್ಟೆಯ ಫೋಲ್ಡರಿನಲ್ಲಿ ಯಾವತ್ತೂ ಇರಲಿಲ್ಲ. ಮತ್ತೆ ಹೇಗೆ ತೆರೆಯಿತು? ದೊಡ್ಡವರು ಬರುತ್ತಾರೆ, ಪುಟ ಕಾಣದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಸರ್ ಕಟ್ಟೆಯ ಗೊಡವೆ ಬಿಟ್ಟು ಇಡೀ ಮನೆಯನ್ನೇ ತೆರೆದಿಟ್ಟಿದ್ದರು. ಒಬ್ಬರಿಗೂ ಹೇಳಿರಲಿಲ್ಲ. ನಾನು ಅದಕ್ಕೆ ಕಾಯಿ ಒಡೆಸಿದ್ದೆ! ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಆ ದಿನ ನನಗೆ ಬಂದ ಸಿಟ್ಟನ್ನು ಹನುಮಪ್ಪನಿಗೂ ಹೇಳಿಕೊಳ್ಳಲಾಗಲಿಲ್ಲ.

ಸುಮ್ಮನಿರು, ಮಾತು ಹಬ್ಬುತ್ತದೆ ಎಂದರು ಅತ್ತೆ. ಮಾತು ಅದಾಗಲೇ ಬಸ್ಸು ಹತ್ತಿ ಕುಷ್ಟಗಿ ಮುಟ್ಟಿತ್ತು. ವರನ ತಾಯಿ ಒಬ್ಬರೇ ಬಂದರು. ನೀರು ಕೊಟ್ಟರೆ ಕುಡಿದರು, ಚಹಾ ಬೇಡವೆಂದರು. ಹುಡುಗಿಯನ್ನು ಕರೆಸಿ, ನಿನ್ನ ಫೋಟೋ ಊರ ಹುಡುಗರ ಕೈಗೆ ಹೋಗಿದೆಯಂತೆ, ಖರೆ ಏನು ಎಂದು ಕೇಳಿದರು. ಅತ್ತೆ ಇಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಹೇಳಿಬಿಟ್ಟಳು.

"ಖರೇರಿ. ಆದ್ರ ನಾ ಕೊಟ್ಟಿಲ್ಲ."

ಆ ತಾಯಿ ಅವಳ ಮುಖವನ್ನೇ ನೋಡುತ್ತ ಕುಳಿತರು. ನಾನು ತಡೆಯಲಾರದೆ ಎಲ್ಲ ಹೇಳಿದೆ. ಕಟ್ಟೆ, ಒಳಮನೆ, ನನ್ನ ಪುಟ, ದೊಡ್ಡವರು ಬಂದದ್ದು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಆ ಸರ್ ಇದ್ದಲ್ಲಿಗೆ ನಡೀರಿ ಎಂದರು. ಮೂವರೂ ಹೋದೆವು. ಆ ದಿನ ಮುಂದಿನ ಕೋಣೆ ದಾಟುವಾಗ ನಾನು ತಲೆ ಬಗ್ಗಿಸಲಿಲ್ಲ.

ಸರ್ ಕುರ್ಚಿ ಕೊಟ್ಟರು. ಮೊದಲಿನಂತೆಯೇ, ಹೆಣ್ಣುಮಕ್ಕಳಿಗೆ ತಿಳಿಯುವುದಿಲ್ಲ ಎಂದು ಶುರುಮಾಡಿದರು. ಅಲ್ಲಿಯವರೆಗೆ ನಾನು ಅವರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ.

"ಸರ್ರ, ನನ್ನ ಪುಟ ಇವತ್ತಿಗೂ ಆ ಫೋಲ್ಡರಿನಾಗ ಇಲ್ಲ. ಅದು ಹೆಂಗ ಕಾಣ್ತು, ಇವರಿಗೆ ಹೇಳ್ರಿ."

ಸರ್ ಸ್ವಲ್ಪ ಹೊತ್ತು ಮೌಸ್ ಆಚೀಚೆ ಮಾಡಿದರು. ಆಮೇಲೆ ಒಪ್ಪಿಕೊಂಡರು. ಒಪ್ಪಿಕೊಂಡ ರೀತಿ ಕೇಳಿ. ನಿಮ್ಮ ಸಲುವಾಗೇ ಮಾಡಿದೆ, ಯಾರೊಬ್ಬರೂ ಫೋಲ್ಡರ್ ಮಾಡಿರಲಿಲ್ಲ, ಬಂದವರ ಮುಂದೆ ನಿಮ್ಮದೇ ಹೆಸರು ಬರಲೆಂದು ಸರ್ವರಿನಲ್ಲಿ ಒಂದೇ ಒಂದು ಸಾಲು ಬದಲಿಸಿದೆ, ತಿರುಗಿ ಸರಿಮಾಡಲು ಮರೆತೆ ಎಂದರು. ಉಪಕಾರ ಮಾಡಿದವರ ದನಿ ಅದು. ನಾದಿನಿ ಮಾತ್ರ ಹಾಗಲ್ಲ. ಫೋಲ್ಡರ್ ಮಾಡಿದ್ದಳು, ಕೇಳಿದ್ದಳು, ಉತ್ತರ ಪಡೆದಿದ್ದಳು. ಅವಳ ಹೆಸರೇ ಅವರ ಬಾಯಲ್ಲಿ ಬರಲಿಲ್ಲ.

ವರನ ತಾಯಿ ಎದ್ದು ನಿಂತರು. "ಬಾಗಲಾ ತಗದಾಂವ ನೀ, ಬೈಸ್ಕೊಳ್ಳಾಕಿ ಈ ಹುಡುಗಿ. ಛಲೋ ಐತಿ ತಮ್ಮಾ ನಿನ್ನ ಸಾಲಿ" ಎಂದರು. ನಾದಿನಿಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಮನೆಗೆ ಬಂದು ಚಹಾ ಕುಡಿದರು. ಅವರು ಚಹಾ ಕೇಳಿದಾಗ ಅತ್ತೆ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಅತ್ತರು.

ಮದುವೆ ಕೂಡಿಬಂತು. ಇದು ದೇವರ ದಯೆ, ಸಣ್ಣದಲ್ಲ, ದೊಡ್ಡದೇ. ಫೋಟೋ ಅಳಿಸಿದರು, ಅದೂ ದಯೆ. ಸರ್ ಆ ಸಾಲನ್ನು ಸರಿಪಡಿಸಿದರೆಂದು ಆಮೇಲೆ ಕೇಳಿದೆ, ಹೆಣ್ಣುಮಕ್ಕಳ ಪುಟಗಳನ್ನು ಮಾತ್ರ ಮತ್ತೆ ತೆರೆಯಲಿಲ್ಲ. ಕುಪ್ಪಸದ ಚಿತ್ರಗಳು ಅಲ್ಲೇ ಎಲ್ಲೋ ಕತ್ತಲಲ್ಲಿ ಉಳಿದವು. ನಾದಿನಿ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ರಾತ್ರಿಯೂಟದ ಪಾತ್ರೆ ತೊಳೆಯುವಾಗ ಒಮ್ಮೆ ನನ್ನನ್ನು ಕೇಳಿದಳು.

"ವೈನಿ, ಸರ್ ಆ ಕುಷ್ಟಗಿ ಅವ್ವಾರ ಮುಂದ ಒಪ್ಪಿಕೊಂಡ್ರು. ನನಗ ಯಾಕ ಹೇಳ್ಲಿಲ್ಲ?"

ತಪ್ಪು ನಂದು ತಂಗಿ ಎಂದು ಒಂದು ಮಾತು ಸಾಕಿತ್ತು ಅವಳಿಗೆ. ಅತ್ತೆಮನೆಗೆ ಹೋಗುವ ಮುಂಚೆ ಅಷ್ಟನ್ನು ಕಿವಿಯಾರೆ ಕೇಳಿ ಹೋಗಬೇಕಿತ್ತು ಹುಡುಗಿ.

ಮದುವೆಗೆ ಸರ್‌ಗೂ ಪತ್ರಿಕೆ ಕೊಡಿಸಿದರು ಅತ್ತೆ, ಊರಲ್ಲಿರುವವರ ಸಂಗಡ ವೈರ ಯಾಕೆ ಎಂದು. ಬಂದರು. ಅಕ್ಷತೆ ಹಾಕಿ ವರನ ಕೈ ಕುಲುಕಿ, ನಮ್ಮ ವಿದ್ಯಾರ್ಥಿನಿ, ಭಾಳ ಶ್ಯಾಣ್ಯಾ ಹುಡುಗಿ ಎಂದು ನಕ್ಕರು. ನಾದಿನಿ ಮುಖ ಎತ್ತಲಿಲ್ಲ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದವಳು ನಾನು. ಅವರ ಎಲೆಯ ಹತ್ತಿರ ಬಂದಾಗ, ಇದೇ ಸಮಯ ಎಂದು ಬಗ್ಗಿ ಮೆಲ್ಲಗೆ ಹೇಳಿದೆ, ಊಟ ಆದ ಮೇಲೆ ಹುಡುಗಿಗೆ ಆ ಮಾತು ಒಂದು ಹೇಳಿ ಹೋಗಿರಿ ಎಂದು.

ಸರ್ ತಲೆ ಎತ್ತಿ ನೋಡಿದರು. ಮುಖದಲ್ಲಿ ಅಳುಕಿಲ್ಲ, ಕಪಟವೂ ಇಲ್ಲ.

"ಯಾವ ಮಾತ್ರಿ ಅಕ್ಕಾರ?"

ನಡೆದದ್ದನ್ನೇ ನಿಜವಾಗಿಯೂ ಮರೆತಿದ್ದರು. ನನ್ನ ಕೈಯಲ್ಲಿ ತಟ್ಟೆ ಇತ್ತು, ಎಲೆಯ ಮುಂದೆ ಕುಳಿತವರಿಗೆ ಬಡಿಸದೆ ದಾಟಬಾರದು. ಹೋಳಿಗೆ ಹಾಕಿದೆ, ಮೇಲೆ ತುಪ್ಪವನ್ನೂ ಹಾಕಿದೆ. ಇನ್ನೊಂದು ಹಾಕಿರಿ ಎಂದರು, ಅದನ್ನೂ ಹಾಕಿ ಮುಂದಿನ ಎಲೆಗೆ ಹೋದೆ.

ಹಂದರದಲ್ಲಿ ಕುಳಿತ ನಾದಿನಿ ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲೇ ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ.