ಒಂದು ಊಟದ ಪ್ರಾರ್ಥನೆ

ಚರ್ಚಿನಲ್ಲಿ ಯಾರಾದರೂ ಎದ್ದು ನಿಂತು ‘ಸಾಕ್ಷಿ’ ಹೇಳತೊಡಗಿದರೆ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಭಕ್ತಿಯಿಂದಲ್ಲ, ಮುಖದ ಮೇಲಿನ ಅಪನಂಬಿಕೆ ಯಾರಿಗೂ ಕಾಣಬಾರದೆಂದು. ಕನಸಿನಲ್ಲಿ ಕೇಳಿದ ಸ್ವರ, ರಾತ್ರಿ ಬೆಳಗಾಗುವುದರೊಳಗೆ ಕರಗಿಹೋದ ಗಡ್ಡೆ, ಇವೆಲ್ಲ ಮನಸ್ಸಿನ ಆಟ ಎಂದೇ ತಿಳಿದಿದ್ದೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ದಯವಿಟ್ಟು ಇದನ್ನು ಸಾಕ್ಷಿ ಎಂದು ಕರೆಯಬೇಡಿ.

ನಾನು ಮಂಗಳೂರಿನವಳು. ಬ್ಯಾಂಕಿನ ವರ್ಗಾವಣೆಯಲ್ಲಿ ಎರ್ನಾಕುಲಕ್ಕೆ ಬಂದು ಒಬ್ಬಳೇ ಮನೆ ಮಾಡಿಕೊಂಡಿದ್ದೆ. ತಂಗಿ ಪ್ರಮೀಳಾ ತಿರುವನಂತಪುರದಲ್ಲಿದ್ದಳು. ಅವಳ ಗಂಡ ಎಡ್ವಿನ್‌ಗೆ ಅಲ್ಲಿ ಕೇಂದ್ರ ಸರ್ಕಾರದ ಕೆಲಸ. ಅಕ್ಕತಂಗಿ ಒಂದೇ ರಾಜ್ಯಕ್ಕೆ ಬಂದೆವಲ್ಲ ಎಂದು ಖುಷಿಪಡುತ್ತಿರುವಾಗಲೇ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು.

ಪ್ರಾರ್ಥನೆಯನ್ನು ಬರೆದಿಡುವ ಅಭ್ಯಾಸ ಹಿಡಿಸಿದವರು ಕೆಳಗಿನ ಮನೆಯ ಸೂಸಮ್ಮ ಚೇಚಿ. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದದ್ದು ನಿಲ್ಲುತ್ತದೆ ಎನ್ನುವುದು ಅವರ ನಂಬಿಕೆ. ಎಡಗಡೆಯ ಪುಟದಲ್ಲಿ ಬೇಡಿಕೆ, ಬಲಗಡೆ ಉತ್ತರ. “ಮೋಳೆ, ಕೃತ್ಯಮಾಯಿಟ್ಟು ಚೋದಿಕ್ಕಣಂ,” ಎಂದಿದ್ದರು. ಇಂಥದ್ದೇ ಬೇಕು ಎಂದು ನಿಖರವಾಗಿ ಕೇಳಬೇಕಂತೆ. ನಂಬಿಕೆ ಇಲ್ಲದಿದ್ದರೂ ತಂಗಿಗಾಗಿ ಏನಾದರೂ ಮಾಡುತ್ತಿದ್ದೇನೆ ಅನ್ನಿಸಲಿ ಎಂದು ನಾನು ಬೆಳಗಿನ ಕಾಫಿಯ ಜೊತೆ ಬರೆಯತೊಡಗಿದೆ. ಕನ್ನಡದಲ್ಲೇ. ಪುಟಪುಟಕ್ಕೂ ‘ಗುಣಪಡಿಸು’ ಎಂದು ಬರೆದೆ. ಬಲಗಡೆಯ ಪುಟಗಳು ಖಾಲಿಯಾಗೇ ಉಳಿದವು.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಮೀಳಾ ಅನ್ನ ಬಿಟ್ಟಿದ್ದಳು. ವಾಸನೆ ಬಂದರೇ ಮುಖ ತಿರುಗಿಸುತ್ತಿದ್ದಳು. ಡ್ರಿಪ್ ಮೇಲೆಯೇ ಜೀವ. ಮಾತೂ ನಿಂತುಹೋಗಿತ್ತು. ಒಂದು ಶುಕ್ರವಾರ ಬೆಳಗ್ಗೆ ನನಗೆ ರೋಸಿಹೋಯಿತು. ‘ಕರ್ತನೇ, ಗುಣಪಡಿಸು ಎಂದು ಬರೆದು ಕೈ ಸೋತಿತು. ಅವಳು ಬಾಯಿಬಿಟ್ಟು ಕೇಳಿ ಒಂದು ಊಟ ಮಾಡಲಿ. ಅಷ್ಟು ಸಾಕು’ ಎಂದು ಬರೆದೆ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬರೆದದ್ದನ್ನು ಯಾರಿಗೂ ಹೇಳಲಿಲ್ಲ, ಚೇಚಿಗೂ.

ಮರುದಿನ ಬ್ಯಾಂಕಿಗೆ ರಜೆ. ಬೆಳಗಿನ ರೈಲು ಹಿಡಿದು ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆ ತಲುಪಿದೆ. ಬಾಗಿಲಲ್ಲೇ ಎಡ್ವಿನ್ ನನ್ನ ಕೈ ಹಿಡಿದುಕೊಂಡ. “ಅಕ್ಕ, ಅವಳು ಗಂಜಿ ಕೇಳ್ತಿದ್ದಾಳೆ!”

ಪ್ರಮೀಳಾ ದಿಂಬಿಗೆ ಒರಗಿ ಕೂತಿದ್ದಳು. ಕ್ಯಾಂಟೀನಿನಿಂದ ಗಂಜಿ, ಹೆಸರುಕಾಳಿನ ಪಲ್ಯ ತರಿಸಿದ್ದರು. “ಇದು ಎಂಥ ಸಪ್ಪೆ ಮಾರಾಯ್ರೇ, ಉಪ್ಪಿನಕಾಯಿ ಇಲ್ವಾ?” ಎಂದು ಗಂಡನನ್ನು ಗದರಿದಳು. ಅವನು ಓಡಿಹೋಗಿ ತಂದ. ನಾನು ಚಮಚದಲ್ಲಿ ಕೊಡಲು ಹೋದರೆ ಕಸಿದುಕೊಂಡು ತಾನೇ ತಿಂದಳು. ನರ್ಸ್ ಕೂಡ ನಗುತ್ತ ನೋಡುತ್ತ ನಿಂತಳು. ನನಗೆ ಆಗ ಆದ ಸಂತೋಷ ನೆನೆದರೆ ಈಗ ಮೈ ಉರಿಯುತ್ತದೆ.

ಬಟ್ಟಲು ಖಾಲಿಯಾಯಿತು. ಅವಳ ಬಾಯಿ ಒರೆಸುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದು, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ ಕೇಳಿದಳು:

“ಅಷ್ಟು ಸಾಕು ಅಂತ ಎಂತಕ್ಕೆ ಬರೆದದ್ದು ಅಕ್ಕ?”

“ಎಂಥದು? ಎಲ್ಲಿ?” ಎಂದೆ.

“ಇನ್ನೂ ಸ್ವಲ್ಪ ಕೇಳ್ಬಹುದಿತ್ತಲ್ಲ,” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಮತ್ತೆ ಮಾತಾಡಲಿಲ್ಲ. ಭಾನುವಾರ ಆರಾಧನೆಯ ಹೊತ್ತಿಗೆ ಹೋಗಿಬಿಟ್ಟಳು.

ಕೊನೆಯ ಘಳಿಗೆಯಲ್ಲಿ ರೋಗಿಗಳು ಹೀಗೆ ಚೇತರಿಸಿಕೊಳ್ಳುವುದುಂಟು ಎಂದು ಡಾಕ್ಟರು ಹೇಳಿದರು. ಹಸಿವಿಗೆ ಆ ವಿವರಣೆಯನ್ನು ಒಪ್ಪುತ್ತೇನೆ. ಆ ಮಾತಿಗೆ? ನಾನು ಭ್ರಮೆಪಟ್ಟೆ ಅನ್ನೋಣವೆಂದರೆ ಎಡ್ವಿನ್ ಪಕ್ಕದಲ್ಲೇ ಇದ್ದ. ಮಣ್ಣು ಮಾಡಿ ಬಂದ ಸಂಜೆ ಅವನೇ ಕೇಳಿದ: “ಎಂಥ ಬರೆದಿದ್ರಿ ಅಕ್ಕ ನೀವು? ಅವಳು ಅದನ್ನೇ ಯಾಕೆ ಕೇಳಿದ್ಳು?” ಏನೋ ಕನವರಿಸಿರಬೇಕು ಎಂದು ಹೇಳಿದೆ.

ಸೂಸಮ್ಮ ಚೇಚಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವರ ಕಣ್ಣು ತುಂಬಿತು. “ದೈವಂ ಕೇಟ್ಟಲ್ಲೋ ಮೋಳೆ,” ಎಂದರು. ದೇವರು ಕೇಳಿಸಿಕೊಂಡನಲ್ಲ ಮಗಳೇ! ಬಲಗಡೆಯ ಪುಟದಲ್ಲಿ ಬರೆದುಬಿಡು ಎಂದರು. ನಾನು ಎದ್ದು ಬಂದೆ. ಆಮೇಲೆ ಅವರ ಮನೆಗೆ ಹೋಗಿಲ್ಲ.

ಅಪನಂಬಿಕೆಯಲ್ಲಿ ಒಂದು ನೆಮ್ಮದಿ ಇತ್ತು. ಕೇಳುವವರೇ ಇಲ್ಲದಿದ್ದರೆ ಎಷ್ಟು ಕೇಳಿದರೇನು, ಎಷ್ಟು ಬಿಟ್ಟರೇನು? ಈಗ ಆ ನೆಮ್ಮದಿಯೂ ಇಲ್ಲ. ಪುಟಗಟ್ಟಲೆ ಬೇಡಿಕೆಯನ್ನು ದಾಟಿ ಬಂದು, ನಾನು ಸೋತು ಬರೆದ ಒಂದೇ ಸಾಲನ್ನು ಯಾರೋ ಓದಿದ್ದಾರೆ; ಓದಿ, ಅಳೆದು ಕೊಟ್ಟಿದ್ದಾರೆ; ಅದನ್ನು ಸಾಯುವವಳಿಗೂ ತಿಳಿಸಿದ್ದಾರೆ. ಯಾರು, ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ದೇವರೇ ಆಗಿದ್ದರೆ, ಅವನೊಡನೆ ಮಾತಾಡಲು ನನಗಿನ್ನೂ ಮನಸ್ಸು ಬಂದಿಲ್ಲ.