ಹಿಲ್ಡಾಳ ಗೋಡೆಯ ತೂತು

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದ ಹಿಲ್ಡಾ ಆಕ್‌ರಾಯ್ಡ್, ಹೊಗೆ ಹೋಗುವ ಚಿಮಣಿ ಬೇಡದ ಗ್ಯಾಸ್ ಅಗ್ಗಿಷ್ಟಿಕೆ ಕೊಂಡಳು. ಬಿಸಿಯೆಲ್ಲ ಕೋಣೆಯಲ್ಲೇ ಉಳಿಯುತ್ತದೆಂಬ ಮಾತು ಅವಳಿಗೆ ಹಿಡಿಸಿತ್ತು. ಅದನ್ನು ಕೂರಿಸಲು ಬಂದ ಡೆರೆಕ್ ಮೊದಲು ಗೋಡೆಗೇ ತೂತು ಕೊರೆದ.

"ಏನಯ್ಯಾ, ಬಿಸಿ ಹೊರಗೆ ಹೋಗೋಕೆ ದಾರಿ ಮಾಡ್ತಿದ್ದೀಯಾ?"

"ಬೆಂಕಿಗೂ ನಿಮಗೂ ಗಾಳಿ ಬೇಕಲ್ಲಮ್ಮ. ಇದನ್ನ ಮುಚ್ಚಬೇಡಿ."

ಅವನು ಹೋದದ್ದೇ ತಡ, ಹಿಲ್ಡಾ ಆ ತೂತಿಗೆ ಗಂಡನ ಉಣ್ಣೆಯ ಕಾಲುಚೀಲ ತುರುಕಿದಳು. ಸಂಜೆಗೆ ಬೆಂಕಿ ತಾನಾಗಿ ಆರಿತು. ಮತ್ತೆ ಹೊತ್ತಿಸಿದರೆ ಮತ್ತೆ ಆರಿತು. ಮರುದಿನ ಡೆರೆಕ್‌ನನ್ನು ಕರೆಸಿ, "ಎಂಥಾ ಕೆಟ್ಟ ಮಾಲು ತಂದುಕೊಟ್ಟೆಯೋ!" ಎಂದು ಕೂಗಾಡಿದಳು.

ಅವನು ಕಾಲುಚೀಲ ಎಳೆದು ತೆಗೆದ. "ಗಾಳಿ ಸಾಲದಿದ್ರೆ, ಕೋಣೇಲಿ ವಿಷಗಾಳಿ ತುಂಬೋ ಮೊದಲೇ ಅದು ತಾನೇ ಆರುತ್ತಮ್ಮ. ನಿಮ್ಮ ಜೀವ ಉಳಿಸಿದ್ದಕ್ಕೆ ಬೈತಿದ್ದೀರಿ!"

ಹಿಲ್ಡಾ ಚಹಾ ಕೊಟ್ಟಳು, ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ ಅಂಥದ್ದೇ ಅಗ್ಗಿಷ್ಟಿಕೆಯಿದ್ದ ನೆರೆಮನೆಯ ಐರಿಸ್ ತೂತಿಗೆ ಕಾಗದ ಮೆತ್ತಿದಾಗ, "ಸಾಯ್ಬೇಕಂತಿದ್ದೀಯೇನೇ, ಪೆದ್ದಿ?" ಎಂದು ಮೊದಲು ಗದರಿದವಳು ಹಿಲ್ಡಾಳೇ.