ನಿಜದಣ್ಣನೂ ತಲೆಗೆ ಹಚ್ಚುವ ಬಣ್ಣವೂ

ಮೀಸೆ ಮೂಡಿದಾಗಿನಿಂದ ಕತ್ತರಿ ಹಿಡಿದವನಾದರೂ ಆ ಕ್ಷೌರಿಕ ಒಂದು ತಲೆಗೂ ಕಪ್ಪು ಬಣ್ಣ ಹಚ್ಚಿದವನಲ್ಲ. ನರೆತ ಕೂದಲಿಗೆ ಬಣ್ಣ ಬಳಿಯುವುದು ಸುಳ್ಳು ಹೇಳಿದ ಹಾಗೆ ಎಂಬುದು ಅವನ ಖಡಾಖಂಡಿತ ಮಾತು. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಅರ್ಧ ಕ್ಷೌರ ಮಾಡಿಸಿಕೊಂಡು ಕೂತವನು ಎದ್ದು ಹೋಗುವುದಾದರೂ ಎಲ್ಲಿಗೆ? ಓಣಿಯವರೆಲ್ಲ ಅವನನ್ನು ನಿಜದಣ್ಣ ಎಂದೇ ಕರೆಯುತ್ತಿದ್ದರು.

ಎದುರಿಗೇ ಅವನ ಹೆಂಡತಿಯ ತಮ್ಮನ ಸಲೂನು. ಅವನ ಮನೆಯ ಒಲೆ ಉರಿಯುವುದೇ ಬಣ್ಣದಿಂದ. ನಿಜದಣ್ಣನ ಉಪದೇಶಕ್ಕೆ "ಹೂಂ ಭಾವ" ಎಂದು ತಲೆಯಾಡಿಸಿ, ರಸ್ತೆ ದಾಟಿ, ಮತ್ತೆ ಬಣ್ಣ ಕಲಸುತ್ತಿದ್ದ.

ನಿಜದಣ್ಣ ಕ್ಷೌರಿಕರ ಸಂಘಕ್ಕೆ ಅಧ್ಯಕ್ಷನಾದದ್ದೇ ತಡ, ಅವನನ್ನು ಮೆಚ್ಚಿಸಲು ಖಜಾಂಚಿ ಒಂದು ನಿಯಮ ಮುಂದಿಟ್ಟ: ಇನ್ನು ಯಾವ ಅಂಗಡಿಯೂ ಬಣ್ಣ ಹಚ್ಚಕೂಡದು, ಹಚ್ಚಿದರೆ ಸಂಘವೇ ಬಾಗಿಲಿಗೆ ಬೀಗ ಜಡಿಯುತ್ತದೆ. ನಿಜದಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿ ಮಾತ್ರ ಮುಖ ಗಂಟಿಕ್ಕಿದಳು.

"ನನ್ನ ತಮ್ಮನ ಅಂಗಡಿ ಮುಚ್ಚಿಸ್ತೀರಾ?"

"ತಪ್ಪನ್ನ ತಪ್ಪು ಅಂದ್ರೆ ತಪ್ಪಾ?"

"ಅನ್ನಿ, ಯಾರು ಬೇಡ ಅಂದ್ರು? ಬೀಗ ಯಾಕೆ ತರ್ತೀರಿ?"

ನಿಜದಣ್ಣ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.

ನಿಯಮವನ್ನು ಮತಕ್ಕೆ ಹಾಕಲು ಕರೆದ ಸಂಘದ ಸಭೆಯಲ್ಲಿ ಸತ್ಯಕ್ಕೇ ಹುಚ್ಚು ಹಿಡಿಯಿತು. ಬಣ್ಣ ಸುಳ್ಳಾದರೆ, ಬೋಳಿನ ಮೇಲೆ ಪಕ್ಕದ ಕೂದಲನ್ನು ಅಡ್ಡ ಬಾಚುವುದೂ ಸುಳ್ಳೇ ಎಂದ ಒಬ್ಬ. ಪುಕ್ಕಲರಿಗೆ ಹುರಿಮೀಸೆ ತಿದ್ದಿಕೊಡಕೂಡದು ಎಂದ ಇನ್ನೊಬ್ಬ. ಯಾರು ಪುಕ್ಕಲರೆಂದು ತೀರ್ಮಾನಿಸುವವರು ಯಾರು ಎಂದು ಜಗಳ ಹತ್ತಿತು. ತನಿಖೆ ಈಗಲೇ ಶುರುವಾಗಲಿ ಎಂದು ಖಜಾಂಚಿ ಒದ್ದೆ ಬಟ್ಟೆಯಿಂದ ಪಕ್ಕದವನ ಮೀಸೆ ಉಜ್ಜಿದ, ಬಟ್ಟೆ ಕಪ್ಪಾಯಿತು. ಅವನು ರೊಚ್ಚಿಗೆದ್ದು ಖಜಾಂಚಿಯ ತಲೆಗೇ ಕೈ ಹಾಕಿದ. ವಿಗ್ಗು ಕೈಗೆ ಬಂತು. ನಿಜದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಣ್ಣೊರೆಸಿಕೊಂಡು ನೋಡಿದರೆ, ಮೂಲೆಯಲ್ಲಿ ಭಾವಮೈದ ಒಬ್ಬನೇ ನಗದೆ ತಲೆ ತಗ್ಗಿಸಿ ಕೂತಿದ್ದ. ನಿಜದಣ್ಣನ ನಗು ನಿಂತಿತು.

ಕೈ ಎತ್ತಿಸಿದಾಗ ಎರಡೂ ಕಡೆ ಸಮ ಬಂತು. ಉಳಿದದ್ದು ಅಧ್ಯಕ್ಷನ ಕೈ.

"ಬಣ್ಣ ಹಚ್ಚೋದು ತಪ್ಪೇ," ಎಂದ ನಿಜದಣ್ಣ. "ನಾನು ಸಾಯೋವರೆಗೂ ಹಚ್ಚಲ್ಲ. ಹಚ್ಚೋರಿಗೆ ಕಿವಿ ತೂತು ಬೀಳೋ ಹಾಗೆ ಹೇಳ್ತಾನೇ ಇರ್ತೀನಿ. ಆದ್ರೆ ನನ್ನ ಮಾತು ಕೇಳಲಿಲ್ಲ ಅಂತ ಇನ್ನೊಬ್ಬರ ಬಾಗಿಲಿಗೆ ಬೀಗ ಹಾಕ್ಸೋಕಾಗಲ್ಲ. ಈ ನಿಯಮ ಬೇಡ."

ಭಾವಮೈದ ಓಡಿಬಂದು ತಬ್ಬಿಕೊಂಡ. "ಹಂಗಾದ್ರೆ ಬಣ್ಣ ಪರವಾಗಿಲ್ಲ ಅಲ್ವಾ ಭಾವ?"

"ಶುದ್ಧ ಸುಳ್ಳು ಕಣೋ," ಎಂದು ನಿಜದಣ್ಣ ಅವನ ಬೆನ್ನಿಗೊಂದು ಗುದ್ದಿದ.

ಮರುದಿನ ಬೆಳಿಗ್ಗೆ ಮದುವೆಗೆ ಹೊರಟ ಗಿರಾಕಿಯೊಬ್ಬ ಬಂದು ಬಣ್ಣ ಹಚ್ಚಲು ಕೇಳಿದ. ನಿಜದಣ್ಣ ಎಂದಿನ ಉಪದೇಶವನ್ನೆಲ್ಲ ಒಪ್ಪಿಸಿದ. ಗಿರಾಕಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಿಜದಣ್ಣನೇ ಬಾಗಿಲು ತೆಗೆದು ಎದುರಂಗಡಿ ತೋರಿಸಿದ.

"ಅಲ್ಲಿಗೆ ಹೋಗಿ," ಎಂದವನು ಒಂದು ಗಳಿಗೆ ತಡವರಿಸಿದ. ಆದರೆ ನಿಜ ಬಿಟ್ಟು ಬೇರೇನೂ ಆಡಿ ಗೊತ್ತಿಲ್ಲದ ಬಾಯಿ ಅದು. "ನನ್ನ ಭಾವಮೈದ. ಅವನಷ್ಟು ಚೆನ್ನಾಗಿ ಈ ಊರಲ್ಲಿ ಯಾರೂ ಹಚ್ಚಲ್ಲ."